ತಿಪ್ಪವ್ವನ ಕೌದಿಯ ಕೊನೆಯ ಮೂಲೆ

ಹೋದ ತಿಂಗಳು ಹುಮನಾಬಾದ್ ಕಡೆಯಿಂದ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದೆ. ಕಮಲಾಪುರ ಹತ್ತಿರವಾದಂತೆ ಕಿಟಕಿಯಿಂದ ತೊಗರಿ ಹೊಟ್ಟಿನ ವಾಸನೆ ನುಗ್ಗಿತು. ರಾಶಿ ಮಾಡುವ ಕಾಲದಲ್ಲಿ ನಮ್ಮ ಕಡೆ ಗಾಳಿಯೆಲ್ಲ ಇದೇ ವಾಸನೆ. ಮೂಗಿನೊಳಗೆ ತುರಿಸುತ್ತದೆ, ಗಂಟಲಿನಲ್ಲಿ ಕೂರುತ್ತದೆ. ಪಕ್ಕದ ಸೀಟಿನವರು ಎರಡು ಸಲ ಸೀನಿ, "ಕಿಟಕಿ ಹಾಕ್ರಿ ಮೇಡಂ" ಅಂದರು. ನಾನು ಹಾಕಲಿಲ್ಲ. ನನ್ನ ಸ್ವಭಾವವೇ ಹಾಗೆ, ಯಾರಾದರೂ ಹಾಕಿರಿ ಅಂದರೆ ತೆಗೆಯಬೇಕು ಅನ್ನಿಸುತ್ತದೆ. ಆದರೆ ಅವತ್ತಿನ ಕಾರಣ ಅದಲ್ಲ. ಆ ವಾಸನೆ ಬಂದರೆ ನನಗೆ ತಿಪ್ಪವ್ವ ಕಾಣುತ್ತಾಳೆ, ಅವಳ ಜೊತೆಗೆ ನನ್ನ ಜನ್ಮದಲ್ಲಿ ನಾನು ಹಾಕಿದ ಅತಿ ಕೆಟ್ಟ ಹನ್ನೊಂದು ಹೊಲಿಗೆಗಳೂ ಕಾಣುತ್ತವೆ.

ಮೂರು ವರ್ಷದ ಹಿಂದೆ ನಾನು ಕಮಲಾಪುರದ ಒಂದು ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದೆ. ಮನೆ ಕಲಬುರಗಿಯ ಗಾಜಿಪುರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಶಾಲೆಯಲ್ಲಿದ್ದ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದು ಅದಕ್ಕೆ ಮನಸ್ಸು ಬಂದ ದಿನ ಮಾತ್ರ ನಡೆಯುತ್ತಿತ್ತು. ಮಕ್ಕಳಿಗೆ ಕೈಹೊಲಿಗೆಯನ್ನಾದರೂ ನೆಟ್ಟಗೆ ಕಲಿಸೋಣವೆಂದು ಊರಲ್ಲಿ ಯಾರ ಕೈ ಚಲೋ ಅದೆ ಎಂದು ವಿಚಾರಿಸಿದೆ. ಕೇಳಿದವರೆಲ್ಲ ಹೇಳಿದ್ದು ಒಂದೇ ಹೆಸರು.

ತಿಪ್ಪವ್ವನಿಗೆ ಎಪ್ಪತ್ತರ ಹತ್ತಿರ. ಹಗಲು ಹೊಲದ ಕೂಲಿ, ಬಿಡುವಿದ್ದಾಗ ಕೌದಿ. ಯಾವ ಮನೆಗೆ ಕೌದಿ ಬೇಕೋ ಆ ಮನೆಯವರೇ ತಮ್ಮ ಹಳೆ ಸೀರೆ, ಧೋತರ, ಲುಂಗಿ ತಂದು ಕೊಡುತ್ತಾರೆ. ಅವನ್ನೆಲ್ಲ ಪದರ ಪದರ ಹಾಸಿ ಎಳೆ ಹೊಲಿದು ಆಕೆ ಹೊದಿಕೆ ಮಾಡುತ್ತಾಳೆ. ಉಳಿದ ಚೂರು ಹೊಲಿದವಳ ಪಾಲು. ಅಂಚು ಕಟ್ಟುತ್ತ ಬಂದು ಕೊನೆಯ ಮೂಲೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟು ಆ ಮನೆಗೆ ಒಯ್ಯುತ್ತಾಳೆ. ಕೌದಿ ಯಾರು ಹೊದ್ದುಕೊಳ್ಳುತ್ತಾರೋ ಅವರು ತಮ್ಮ ಮನೆಯ ಒಲೆಯ ಮೇಲೆ ಬೆಂದ ರೊಟ್ಟಿಯ ಚೂರೊಂದನ್ನು ಕೈಯಾರೆ ಆ ಬಾಯೊಳಗೆ ಇಡಬೇಕು. ಆಮೇಲೆಯೇ ಮೂಲೆ ಮುಚ್ಚುವುದು. ಇದಕ್ಕೆ ಆಕೆ ಕೌದಿಗೆ ಉಣಿಸೋದು ಅನ್ನುತ್ತಿದ್ದಳು. ಉಂಡ ಕೌದಿ ತನ್ನ ಒಳಗೆ ಮಲಗಿದವರನ್ನು ಹಸಿದಿರಲು ಬಿಡುವುದಿಲ್ಲವಂತೆ.

"ಇರಿವಿ ಹತ್ತಂಗಿಲ್ಲೇನ ತಿಪ್ಪವ್ವ?" ಎಂದು ಮೊದಲ ದಿನವೇ ಕೇಳಿದ್ದೆ.

"ಹತ್ಲಿ ಬಿಡ್ರಿ. ಅವುಕ್ಕೂ ಹೊಟ್ಟಿ ಅದ."

ಒಂದು ದಿನ ಗೆಳತಿಯೊಬ್ಬಳು ಫೋನಿಗೆ ಕಳಿಸಿದ ಚಿತ್ರವನ್ನು ಆಕೆಗೆ ತೋರಿಸಿದೆ. ಯಾವುದೋ ದೊಡ್ಡ ಊರಿನ ಅಂಗಡಿಯ ಗೋಡೆಗೆ ಒಂದು ಹಳೆ ಕೌದಿ ತೂಗುಹಾಕಿದ್ದರು. ತಿಪ್ಪವ್ವ ಫೋನನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. "ಇದು ನಂದರೀ! ಈ ಹಸರು ಅಂಚು, ಈ ಚುಕ್ಕಿ ಅರಬಿ, ಎಲ್ಲಾ ನಾ ಕೂಡಿಸಿದ್ದು. ಕೆಳಗ ಏನ್ ಬರದಾರ, ಓದ್ರಿ." ನಾನು ಯೋಚಿಸದೆ ಓದಿಬಿಟ್ಟೆ: ಕೈಯಿಂದ ಹೊಲಿದ ಹಳೆಯ ಕೌದಿ, ಹೊಲಿದವರು ಗೊತ್ತಿಲ್ಲ.

"ಗೊತ್ತಿಲ್ಲಂದ್ರ?" ಅಂದಳು. "ನಾ ಇಲ್ಲೇ ಕುಂತೀನಲ್ಲ!"

ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ. ಆಕೆಯ ತಲೆಯಿಂದಲೂ ಇಳಿಯಲಿಲ್ಲ. ಆಮೇಲೆ ವಾರಕ್ಕೊಮ್ಮೆಯಾದರೂ, ಯಾವ ಮಾತಿನ ನಡುವೆ ಇದ್ದರೂ, "ಖರೇ ಹಂಗೇ ಬರದಾರೇನ್ರಿ?" ಎಂದು ಕೇಳುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಕಲಬುರಗಿಯಲ್ಲಿ ನಮ್ಮ ಭಾಗದ ಜಿಲ್ಲೆಗಳೆಲ್ಲ ಸೇರಿ ಕೌದಿ ಪ್ರದರ್ಶನವೊಂದು ನಡೆಯುತ್ತದೆಂದು ಗೊತ್ತಾಯಿತು. ಜನವರಿಯಲ್ಲಿ, ಮೂರು ದಿನ, ಒಳ್ಳೆಯ ಕೌದಿಗೆ ಬಹುಮಾನವೂ ಇತ್ತು. ಪ್ರತಿ ಕೌದಿಯ ಪಕ್ಕದಲ್ಲಿ ಹೊಲಿದವರ ಹೆಸರು ಬರೆದ ಚೀಟಿ ಇರುತ್ತದೆ ಎಂದು ಕರಪತ್ರದಲ್ಲಿತ್ತು. ನನಗೆ ಬೇಕಾದದ್ದು ಅದೇ ಸಾಲು. ಕರಪತ್ರ ಹಿಡಿದುಕೊಂಡು ನೆಟ್ಟಗೆ ತಿಪ್ಪವ್ವನ ಮನೆಗೆ ಹೋದೆ. "ನಿನ್ನ ಹೆಸರು ಅಲ್ಲಿ ದೊಡ್ಡದಾಗಿ ಹಾಕಸ್ತೀನಿ, ಸಾವಿರ ಮಂದಿ ಓದಬೇಕು" ಅಂದೆ. ಹಟಕ್ಕೆ ಬಿದ್ದರೆ ನಾನು ಹೀಗೆ ಸಾವಿರದ ಮೇಲೆಯೇ ಮಾತಾಡುವುದು.

ಆದರೆ ಪ್ರದರ್ಶನಕ್ಕೆ ಇಡಲು ಕೌದಿ ಎಲ್ಲಿ? ನಲವತ್ತು ವರ್ಷ ಊರಿಗೆಲ್ಲ ಹೊಲಿದವಳ ಮನೆಯಲ್ಲಿ ಒಂದೂ ಕೌದಿ ಇರಲಿಲ್ಲ. ಆಕೆ ಹೊದೆಯುತ್ತಿದ್ದದ್ದು ಹುಲಿಯ ಚಿತ್ರವಿದ್ದ ಒಂದು ಪಾಲಿಸ್ಟರ್ ರಗ್ಗು. ನನಗೆ ನಗುವೂ ಬಂತು, ಸಂಕಟವೂ ಆಯಿತು. ತಿಪ್ಪವ್ವ ಒಳಗೆ ಹೋಗಿ ಒಂದು ದೊಡ್ಡ ಗಂಟು ಎಳೆದು ತಂದಳು. ಬಿಚ್ಚಿದರೆ ಬರೀ ಚೂರುಗಳು. ನಲವತ್ತು ವರ್ಷದಿಂದ ಒಂದೊಂದು ಮನೆಯ ಕೌದಿಯಿಂದ ಉಳಿದು ಆಕೆಯ ಪಾಲಿಗೆ ಬಂದವು.

"ಇದು ಗೌಡರ ಸೊಸೀದು, ಮೊದಲ ಬಾಣಂತನದಾಗ ಉಟ್ಟಿದ್ದು. ಇದು ಖಾಸಿಂ ಚಾಚಾನ ಲುಂಗಿ. ಇದು ಮಾಸ್ತರ ಧೋತರ, ನೋಡ್ರಿ ಶಾಯಿ ಕಲಿ ಇನ್ನಾ ಹೋಗಿಲ್ಲ." ಹೇಳುತ್ತ ಹೇಳುತ್ತ ಚೂರುಗಳನ್ನು ನೆಲದ ಮೇಲೆ ಜೋಡಿಸಲು ಶುರು ಮಾಡಿಯೇಬಿಟ್ಟಳು.

ಆ ಡಿಸೆಂಬರಿನಲ್ಲಿ ತೊಗರಿ ಬಹಳ ಚೆನ್ನಾಗಿ ಬಂದಿತ್ತು. ಊರಿಗೆ ಊರೇ ಖುಷಿಯಲ್ಲಿತ್ತು, ನಾನೊಬ್ಬಳು ಮುಖ ಗಂಟು ಹಾಕಿಕೊಂಡಿದ್ದೆ. ತೊಗರಿ ಕೊಯ್ಲಿಗೆ ಬಂದರೆ ಹೆಂಗಸರು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಒಂದು ವಾರ ಕೂಲಿಗೆ ಹೋಗಬೇಡ ಎಂದು ತಿಪ್ಪವ್ವನಿಗೆ ಹೇಳಿ ನೋಡಿದೆ. "ತೊಗರಿ ಕಾಯ್ತದೇನ್ರಿ? ಒಣಗಿ ಸಿಡೀತದ" ಅಂದಳು. ಹಾಗಾದರೆ ಕೌದಿಯೇ ಹೊಲಕ್ಕೆ ಹೋಗಲಿ ಅಂದೆ ನಾನು. ಹಾಗೇ ಆಯಿತು. ಬೆಳಿಗ್ಗೆ ಒಂದು ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಕೌದಿಯ ಸುರುಳಿ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಉಂಡು ಅಡ್ಡಾದಾಗ ಈಕೆ ಬೇವಿನ ಗಿಡದ ಕೆಳಗೆ ಕೌದಿ ಬಿಚ್ಚುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಹೊಲಕ್ಕೆ ಹೋಗಿ ಬೆಳಕಿರುವ ತನಕ ಜೊತೆಗೆ ಕೂರುತ್ತಿದ್ದೆ.

ಹೊಲಿಗೆಗೆ ಮಾತ್ರ ನನ್ನನ್ನು ಮುಟ್ಟಿಸುತ್ತಿರಲಿಲ್ಲ. "ನಿಮ್ದು ಸಾಲಿ ಹೊಲಿಗಿ. ಎಲ್ಲಾ ಒಂದೇ ಅಳತಿ, ಪರೇಡ್ ನಿಂತಂಗ. ನೀವು ದಾರ ಪೋಣಿಸಿ ಕೊಡ್ರಿ, ಸಾಕು" ಎನ್ನುವಳು. ಆಕೆಯ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಅರಿವೆ ಮಾತ್ರ ಬೆರಳಿಗೇ ಕಾಣುತ್ತಿತ್ತು. ನಾನು ಇಪ್ಪತ್ತು ಸೂಜಿಗೆ ಒಮ್ಮೆಗೇ ದಾರ ಪೋಣಿಸಿ ನನ್ನ ಸೆರಗಿಗೆ ಚುಚ್ಚಿಕೊಂಡು ಕೂರುವುದು, ಆಕೆ ಒಂದು ಮುಗಿದರೆ ಇನ್ನೊಂದಕ್ಕೆ ಕೈ ಚಾಚುವುದು. ಜೋಳದ ಕಾಳಿನಷ್ಟು ಚಿಕ್ಕ ಹೊಲಿಗೆಗಳು, ಎಲ್ಲವೂ ಎಡಕ್ಕೆ ಸ್ವಲ್ಪ ವಾಲಿ, ಒಂದಕ್ಕೊಂದು ಒತ್ತಿಕೊಂಡು ಸಾಗುತ್ತಿದ್ದವು. ಕೂದಲಲ್ಲಿ ತೊಗರಿ ಎಲೆ, ಸೀರೆಯಲ್ಲಿ ಧೂಳು, ಕೊನೆಯ ಬಸ್ಸಿಗೆ ಓಟ. ಎಷ್ಟೋ ದಿನ ಬಸ್ಸು ತಪ್ಪಿ ಬಾಳೆಹಣ್ಣಿನ ಟೆಂಪೋದಲ್ಲಿ ಕೆಂಪು ಬಾಳೆಗೊನೆಗಳ ಜೊತೆ ಕೂತು ಮನೆ ಸೇರಿದ್ದೇನೆ. ಅಷ್ಟು ಸುಖವಾಗಿ ನಾನು ಯಾವ ವರ್ಷವೂ ದಣಿದಿಲ್ಲ.

ಪ್ರದರ್ಶನಕ್ಕೆ ವಾರವಿರುವಾಗ ಕೌದಿ ಮುಗಿಯಿತು. ಆ ಒಂದು ಮೂಲೆ ಬಿಟ್ಟು. "ಯಾರ ಕೌದಿ ಅಂತ ಗೊತ್ತಾಗ್ಲಿ, ಮುಚ್ಚತೀನಿ" ಅಂದಳು ತಿಪ್ಪವ್ವ. ಎಲ್ಲಾ ಕೌದಿಗೂ ಬಟ್ಟೆ ಕೊಟ್ಟ ಮನೆಯೊಂದು ಇರುತ್ತದೆ; ಇದಕ್ಕೆ ಇರಲಿಲ್ಲ. ನಾನು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.

ಕೌದಿಗಳನ್ನು ಕಲಬುರಗಿಯ ಅಂಚಿನ ಕುಸನೂರಿನ ಒಂದು ಕೋಣೆಯಲ್ಲಿ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿದ್ದ ಹುಡುಗಿ ಪ್ರದರ್ಶನ ಸಮಿತಿಯವಳು, ಸೌಮ್ಯ ಸ್ವಭಾವದವಳು. ನಾಲ್ಕೂ ಅಂಚು ಸವರಿ ನೋಡಿ, "ಮೇಡಂ, ಇಲ್ಲಿ ಹೊಲಿಗಿ ಬಿಟ್ಟದ" ಅಂದಳು.

"ಅದು ಪದ್ಧತಿರಿ."

"ಇರಬಹುದ್ರಿ. ಆದ್ರ ನಿಯಮದಾಗ ಪೂರ್ತಿ ಆದ ಕೌದಿ ಅಂತ ಅದ. ಅರ್ಧಾ ಆಗ್ಯದ ಅಂತ ಹೊರಗ ಇಡ್ತಾರ. ನಾಳಿ ಸಂಜಿತನಕ ಟೈಮ್ ಅದ, ಮುಚ್ಚಿಸಿ ತಂದುಬಿಡ್ರಿ."

ಅರ್ಧ ತಾಸು ವಾದ ಮಾಡಿದೆ. ನನ್ನ ವಾದಕ್ಕೆ ಆ ಹುಡುಗಿ ಎರಡು ಸಲ ನೀರು ತಂದುಕೊಟ್ಟಳೇ ಹೊರತು ನಿಯಮ ಬಿಡಲಿಲ್ಲ. ಹೊರಗೆ ಬಂದು ತಿಪ್ಪವ್ವನ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಅವರು ಹೊಲದಲ್ಲಿದ್ದ ಆಕೆಯ ಕೈಗೆ ಫೋನ್ ಕೊಟ್ಟರು. ಹಿಂದೆ ರಾಶಿ ಮಷೀನಿನ ಗದ್ದಲ.

"ಮೂಲಿ ಮುಚ್ಚಬೇಕಂತ ತಿಪ್ಪವ್ವ!"

"ಯಾರು ಹೊದ್ಕೋತಾರ?"

"ಯಾರೂ ಹೊದ್ಕೊಳ್ಳಂಗಿಲ್ಲ, ತೋರಸಾಕ ಅಷ್ಟೇ!"

"ಯಾರೂ ಇಲ್ಲಂದ್ರ ಹೆಂಗ ಮುಚ್ಚೋದು? ಹಂಗೇ ಇರ್ಲಿ ಬಿಡ್ರಿ." ಫೋನ್ ಕಟ್ಟಾಯಿತು.

ಮರುದಿನ ಭಾನುವಾರ. ಗಾಜಿಪುರದ ನಮ್ಮ ಮಾಳಿಗೆಯ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕೌದಿ ಹಾಸಿಕೊಂಡು ಕೂತೆ. ಪಕ್ಕದ ಮನೆಯ ಝರೀನಾ ತನ್ನ ಗುದಡಿ ಒಣಹಾಕಲು ಬಂದಳು; ಅವರ ಮನೆಯಲ್ಲಿ ಕೌದಿಗೆ ಗುದಡಿ ಅನ್ನುತ್ತಾರೆ. ಕಪನೂರಿನ ಒಂದು ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಆಕೆಗೆ ಕೆಲಸ. ತನ್ನ ಅಮ್ಮಿಜಾನ್ ಕಲಿಸಿದ ಗುದಡಿಯೊಂದನ್ನು ಆಕೆಯೂ ಪ್ರದರ್ಶನಕ್ಕೆ ಕೊಡುವವಳಿದ್ದಳು. ನನ್ನ ಕೈಯಲ್ಲಿ ಸೂಜಿ ನೋಡಿದವಳೇ ಹತ್ತಿರ ಬಂದಳು.

"ಟೀಚರ್, ಮತ್ ಕರೋ. ಆಕಿಗಿ ಕೇಳಲಾರ್ದೆ ಸೂಜಿ ಹಾಕಬ್ಯಾಡ್ರಿ."

"ಆಕಿ ಹೆಸರು ಬರಲಿ ಅಂತನೇ ಹಾಕಾಕತ್ತೀನಿ ಝರೀನಾ."

"ಹೆಸರು ಆಕೀದು, ಹಾಥ್ ನಿಮ್ದು. ಹೆಂಗಾಗ್ತದರೀ ಅದು?"

ನಾನು ಕೇಳಲಿಲ್ಲ. ಎರಡು ತಿಂಗಳ ಓಡಾಟ ನಾಲ್ಕು ಬೆರಳಿನ ಜಾಗಕ್ಕೆ ಸಿಕ್ಕಿ ನಿಲ್ಲುವುದನ್ನು ನೋಡಲು ನನ್ನಿಂದಾಗಲಿಲ್ಲ. ತಿಪ್ಪವ್ವನ ಹೊಲಿಗೆಯ ಹಾಗೇ ಎಡಕ್ಕೆ ವಾಲಿಸಿ ಹನ್ನೊಂದು ಹೊಲಿಗೆ ಹಾಕಿದೆ. ನನಗೇ ಗುರುತು ಹತ್ತದಷ್ಟು ಚೆನ್ನಾಗಿ ಕೂತವು ಅಂದುಕೊಂಡು, ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆ. ಸಂಜೆ ಕೌದಿಯನ್ನು ಕುಸನೂರಿಗೆ ಮುಟ್ಟಿಸಿ ಬಂದೆ.

ಪ್ರದರ್ಶನದ ಮೊದಲ ದಿನ ಸಭಾಂಗಣ ನೋಡಿ ನನ್ನ ಹೊಟ್ಟೆ ತುಂಬಿತು. ಬಿದಿರು ಕಟ್ಟಿ ಸಾಲುಸಾಲಾಗಿ ಕೌದಿ ಇಳಿಬಿಟ್ಟಿದ್ದರು. ತೊಟ್ಟಿಲ ಕೌದಿಗಳಿಗೆ ಒಂದು ಮೂಲೆ, ಎತ್ತಿನ ಬೆನ್ನಿಗೆ ಹಾಕುವ ಝೂಲಕ್ಕೆ ಒಂದು ಮೂಲೆ. ಒಂದು ಕಡೆ ಕಾಲೇಜು ಹುಡುಗಿಯರನ್ನು ಚಾಪೆಯ ಮೇಲೆ ಕೂರಿಸಿ ಎಳೆ ಹಾಕುವುದನ್ನು ಕಲಿಸುತ್ತಿದ್ದರು. ಇನ್ನೊಂದು ಕಡೆ ಅಜ್ಜಿಯರಿಗೆ ಸೂಜಿಗೆ ದಾರ ಪೋಣಿಸುವ ಸ್ಪರ್ಧೆ. ಅಲ್ಲಿಯ ಗಲಾಟೆ ಕೇಳಿದರೆ ಕುಸ್ತಿ ನಡೆದಿದೆ ಅನ್ನಬೇಕು. ಝರೀನಾಳ ಗುದಡಿಯ ಮುಂದೆ ಜನ ನಿಂತಿದ್ದರು. ಅದಕ್ಕೆ ಕೊನೆಯ ದಿನ ಬಹುಮಾನವೂ ಬಂತು. ತಿಪ್ಪವ್ವನ ಕೌದಿಗೆ ಬಾಗಿಲಿಗೆ ಎದುರಾಗಿಯೇ ಜಾಗ ಸಿಕ್ಕಿತ್ತು.

ಹನ್ನೊಂದರ ಹೊತ್ತಿಗೆ ತಿಪ್ಪವ್ವ ಬಂದಳು. ಮಡಿ ಸೀರೆ, ಕಂಕುಳಲ್ಲಿ ಬುತ್ತಿ ಗಂಟು. ಕೌದಿಯ ಕಡೆ ನೋಡದೆ ನೆಟ್ಟಗೆ ಚೀಟಿಯ ಹತ್ತಿರ ಹೋದಳು. "ಓದ್ರಿ." ಓದಿದೆ: ಹೊಲಿದವರು, ತಿಪ್ಪವ್ವ, ಕಮಲಾಪುರ. "ನನ್ನ ಹೆಸರು ಎಲ್ಲಿಂದ ಎಲ್ಲಿಗಿ ಅದ?" ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳು ಇಟ್ಟು ಬಹಳ ಹೊತ್ತು ನಿಂತಳು. ನನಗೆ ಕಣ್ಣು ತುಂಬಿ ಬಂತು, ಎರಡು ತಿಂಗಳು ಸಾರ್ಥಕವಾಯಿತು ಅನ್ನಿಸಿತು.

ಆಮೇಲೆ ಆಕೆ ಕೌದಿಯ ಕಡೆ ತಿರುಗಿದಳು. ರೂಢಿಯಂತೆ ಅಂಚನ್ನು ಸವರುತ್ತ ಹೋದ ಕೈ ಆ ಮೂಲೆಯಲ್ಲಿ ನಿಂತಿತು.

"ಇದ್ಯಾರ ಕೈ?"

ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ನೋಡಿದಳು. "ಒಳಗ ಏನೂ ಇಲ್ಲ. ಉಪಾಸ ಇಟ್ಟು ಹೊಲದೀರಿ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆಕೆ ಬೈಯಲಿಲ್ಲ. "ಈ ಚೀಟಿ ತಗಸ್ರಿ ಟೀಚರಮ್ಮ. ಇದು ನಾ ಹೊಲದ ಕೌದಿ ಅಲ್ಲ."

"ತಿಪ್ಪವ್ವ, ಹೊರಗ ಇಡ್ತೀವಿ ಅಂದ್ರು. ನಿನ್ನ ಹೆಸರಿಗಾಗೇ..."

"ಆ ಅಂಗಡ್ಯಾಗ ಗೊತ್ತಿಲ್ಲ ಅಂತ ಬರದಿದ್ರು. ಅವ್ರಿಗಿ ಖರೇನೇ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು."

ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ನಾನು ಹಟ ಹಿಡಿದದ್ದು ಆಕೆಯ ಹೆಸರಿಗೆ ಅಂದುಕೊಂಡಿದ್ದೆ, ಅದು ಯಾವಾಗಲೋ ನನ್ನ ಹಟವಾಗಿಬಿಟ್ಟಿತ್ತು. ಆದರೆ ಅಳುತ್ತ ಕೂರುವುದು ನನಗೆ ಬರುವುದಿಲ್ಲ. ಹುಡುಗಿಯರ ಚಾಪೆಯಿಂದ ಒಂದು ಕತ್ತರಿ ತಂದೆ, ಸ್ಟೂಲ್ ಹತ್ತಿದೆ, ಬಿದಿರಿನಿಂದ ಕೌದಿ ಇಳಿಸಿ ನೆಲಕ್ಕೆ ಹಾಸಿದೆ. ಸಮಿತಿಯ ಹುಡುಗಿ ಓಡಿ ಬಂದಳು. "ಮೇಡಂ, ಏನ್ ಮಾಡಾಕತ್ತೀರಿ? ಜಡ್ಜು ಇದೇ ಸಾಲಿಗಿ ಬರಾಕತ್ತಾರ!"

"ಬರ್ಲಿ. ಇದು ಪೂರ್ತಿ ಆಗಿಲ್ಲ, ಸ್ಪರ್ಧಾದಿಂದ ತಗದುಬಿಡ್ರಿ. ಆದ್ರ ಜಾಗ ಬಿಡಂಗಿಲ್ಲ, ಚೀಟಿನೂ ತಗಿಯಂಗಿಲ್ಲ. ಮೂಲಿ ನಾ ಮುಚ್ಚಿದ್ದು, ತಪ್ಪು ನಂದು." ಎಲ್ಲರ ಮುಂದೆ ಹನ್ನೊಂದೂ ಹೊಲಿಗೆ ಒಂದೊಂದಾಗಿ ಕತ್ತರಿಸಿ ದಾರ ಎಳೆದು ಹಾಕಿದೆ. ತಿಪ್ಪವ್ವ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ತೀರ್ಪುಗಾರರು ಬಂದರು, ವಿಷಯ ಕೇಳಿದರು, ಪುಸ್ತಕದಲ್ಲಿ ಏನೋ ಹೊಡೆದುಹಾಕಿ ಮುಂದೆ ಹೋದರು. ಅವರ ಜೊತೆ ಬಂದಿದ್ದ ಅತಿಥಿ ಹೆಂಗಸು ಮಾತ್ರ ನಿಂತರು. ಕೌದಿಯಿಂದ ಅವರ ಕಣ್ಣು ಕೀಳಲೇ ಇಲ್ಲ. "ಅಜ್ಜಿ, ಇದನ್ನ ನಾನು ತಗೊಳ್ತೀನಿ. ನನ್ನ ಹೆಸರಿಗೇ ಮೂಲೆ ಮುಚ್ಚಿಬಿಡಿ" ಅಂದರು.

"ಹೊದ್ಕೋತೀರೇನ್ರಿ?"

"ಹೊದಿಯೋದಾ? ಛೇ, ಇಂಥದ್ದನ್ನ ಹೊದ್ದು ಹಾಳು ಮಾಡ್ತಾರಾ? ಹಾಲ್‌ನಲ್ಲಿ ಗೋಡೆಗೆ ಹಾಕ್ತೀನಿ."

"ಗ್ವಾಡಿಗಿ ಥಂಡಿ ಆಗ್ತದೇನ್ರಿ?" ಅಂದಳು ತಿಪ್ಪವ್ವ.

ಸುತ್ತ ನಿಂತವರೆಲ್ಲ ನಕ್ಕರು. ಆ ಹೆಂಗಸೂ ನಕ್ಕರು, ಒಳ್ಳೆಯವರು. ತಿಪ್ಪವ್ವ ನಗಲಿಲ್ಲ, ಆಕೆ ಖರೇನೇ ಕೇಳಿದ್ದಳು. ಕೌದಿಯ ಮೇಲೆ ಕೈ ಆಡಿಸುತ್ತ ನನ್ನ ಕಡೆ ತಿರುಗಿದಳು.

"ಟೀಚರಮ್ಮ, ಈ ಚೂರೆಲ್ಲ ಯಾರದು?"

"ಊರ ಮಂದೀದು."

"ಮಂದಿ ಯಾರಿಗಿ ಬಿಟ್ಟಿದ್ದು?"

"ನಿನಗ."

"ಹಂಗಾರ ಕೌದಿ ಯಾರದು?"

ಕೇಳುತ್ತ ಕೇಳುತ್ತಲೇ ಆಕೆ ಬುತ್ತಿ ಗಂಟು ಬಿಚ್ಚಿದಳು. ಬೆಳಿಗ್ಗೆ ತನ್ನ ಒಲೆಯ ಮೇಲೆ ಬಡಿದ ಜೋಳದ ರೊಟ್ಟಿ. ಅದರ ಅಂಚು ಮುರಿದು ಆ ನಾಲ್ಕು ಬೆರಳಿನ ಬಾಯೊಳಗೆ ತಳದ ತನಕ ತುರುಕಿದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಕಾಲೇಜು ಹುಡುಗಿಯರು ಚಾಪೆ ಬಿಟ್ಟು ಎದ್ದು ಬಂದು ಸುತ್ತ ಕೂತರು. ಆಕೆ ಯಾರನ್ನೂ ನೋಡದೆ, ಅವಸರವಿಲ್ಲದೆ ಮೂಲೆ ಮುಚ್ಚಿ ಗಂಟು ಹಾಕಿ ಹಲ್ಲಿನಿಂದ ದಾರ ಹರಿದಳು.

ನಾನೂ ಸಮಿತಿಯ ಹುಡುಗಿಯೂ ಸೇರಿ ಕೌದಿಯನ್ನು ಮತ್ತೆ ಬಿದಿರಿಗೆ ಏರಿಸಿದೆವು. ಚೀಟಿಯ ಕೆಳಗೆ, ಉಳಿದೆಲ್ಲ ಚೀಟಿಗಳ ಹಾಗೇ, ಮಾರಾಟಕ್ಕಿದೆ ಎಂದು ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಅಲ್ಲಿಯೇ ಇನ್ನೊಂದು ಸಾಲು ಬರೆದೆ.

"ಏನ್ ಬರದ್ರಿ, ಓದ್ರಿ" ಅಂದಳು ತಿಪ್ಪವ್ವ.

"ಹೊಲಿದವರು, ತಿಪ್ಪವ್ವ, ಕಮಲಾಪುರ. ಹೊದ್ದುಕೊಳ್ಳುವವರು, ತಿಪ್ಪವ್ವ, ಕಮಲಾಪುರ."

ಆಕೆ ಸೆರಗು ಸರಿಮಾಡಿಕೊಂಡು ಸಭಾಂಗಣವನ್ನೆಲ್ಲ ಒಮ್ಮೆ ನೋಡಿದಳು.

"ಜೋರಾಗಿ ಓದ್ರಿ ಟೀಚರಮ್ಮ. ಆ ಕಡಿ ಮಂದಿಗಿ ಕೇಳವಲ್ದು."

ಶಾಲೆಯ ಬಯಲಿನಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಕೂಗಿ ಕರೆಯುವ ಧ್ವನಿ ತೆಗೆದು, ಎರಡೂ ಸಾಲು ಮತ್ತೆ ಓದಿದೆ.